ಆಫೀಸಿನ ಹಳೇ ಟವರ್, ಮೈನಿಂಗ್ ಕಾರ್ಡು, 21 ಸಾವಿರ ರೂಪಾಯಿ: ನನ್ನ ಅನುಭವ

ಆಟ ಆಡಲೆಂದು ಹಳೇ ಆಫೀಸ್ ಪಿಸಿಗೆ ಆರ್‌ಎಕ್ಸ್ 580 ಎಂಬ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು ಹಾಕುತ್ತೇನೆ ಎಂದಾಗ ಬಳಗದಲ್ಲಿ ಹೂಂ ಅಂದವರು ಒಬ್ಬರೂ ಇರಲಿಲ್ಲ. ಡೆಲ್ ಬೋರ್ಡಿಗೆ ಬೇರೆ ಎಸ್‌ಎಂಪಿಎಸ್ (ಪವರ್ ಕೊಡುವ ಡಬ್ಬ) ಕೂರಲ್ಲ, ಮೈನಿಂಗ್ (ಕ್ರಿಪ್ಟೋ ಗಳಿಸಲು ಹಗಲೂ ರಾತ್ರಿ ಓಡಿಸುವುದು) ಮಾಡಿದ ಕಾರ್ಡು ಮೂರು ತಿಂಗಳೂ ಬಾಳಲ್ಲ, ಆ ದುಡ್ಡಿಗೆ ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5600ಜಿ ಪ್ರೊಸೆಸರ್ ಹಾಕಿಸಿ ಸುಮ್ಮನಿರು ಎಂದರು. ಕೊನೆಗೆ ಕಟ್ಟಿ ಮುಗಿಸಿ ಒಂದು ವರ್ಷದ ಮೇಲಾಯಿತು, ವಾರಕ್ಕೆ ನಾಲ್ಕೈದು ದಿನ ಓಡುತ್ತಿದೆ, ಒಮ್ಮೆಯೂ ತಾನಾಗಿ ಆಫ್ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟವರ್ ಡೆಲ್ ಆಪ್ಟಿಪ್ಲೆಕ್ಸ್ 9020, ಮಿನಿ ಟವರ್ ಮಾದರಿ, ಪ್ರೊಸೆಸರ್ ಐ7-4770. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 8 ಜಿಬಿ ರಾಮ್, 500 ಜಿಬಿ ಹಾರ್ಡ್ ಡಿಸ್ಕ್ ಸಮೇತ ಸುಮಾರು 7,000ಕ್ಕೆ ಸಿಕ್ಕಿತು. ಇದಕ್ಕಿಂತ ಎರಡು ಸಾವಿರ ಕಡಿಮೆಗೆ 7010 ಕೂಡ ಸಿಗುತ್ತಿತ್ತು. ಆದರೆ ಅದರ ಪ್ರೊಸೆಸರ್ ಮೂರನೇ ತಲೆಮಾರಿನದು, ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಅದರಲ್ಲಿ ಇಲ್ಲ. ಎವಿಎಕ್ಸ್2 ಇಲ್ಲದಿದ್ದರೆ ಹೊಸ ಆಟಗಳಲ್ಲಿ ಕೆಲವು ಶುರುವೇ ಆಗುವುದಿಲ್ಲ. ಎರಡು ಸಾವಿರ ಉಳಿಸಲು ಹೋಗಿ ಇಡೀ ಯಂತ್ರವನ್ನು ಹಿಂದಕ್ಕೆ ತಳ್ಳಬೇಡಿ. ಎಸ್‌ಎಫ್‌ಎಫ್ ಎಂಬ ಸಣ್ಣ ಡಬ್ಬ ಎಷ್ಟೇ ಅಗ್ಗವಾದರೂ ಬೇಡ, ಪೂರ್ತಿ ಎತ್ತರದ ಕಾರ್ಡು ಅದರಲ್ಲಿ ಹಿಡಿಸುವುದಿಲ್ಲ.

ದುಡ್ಡು ಹೋಗಿದ್ದು ಪವರ್‌ನಲ್ಲಿ. ಟವರ್ ಜೊತೆ ಬಂದ ಎಸ್‌ಎಂಪಿಎಸ್ 290 ವ್ಯಾಟ್‌ನದು, ಕಾರ್ಡಿಗೆ ಕೊಡಲು 8 ಪಿನ್ ವೈರೇ ಇಲ್ಲ. ಮೊದಲ ಪ್ರಯತ್ನದಲ್ಲಿ ಸಾಟಾ ವೈರಿನಿಂದ (ಹಾರ್ಡ್ ಡಿಸ್ಕಿಗೆ ಪವರ್ ಕೊಡುವುದು) 8 ಪಿನ್ ಮಾಡುವ 250 ರೂಪಾಯಿಯ ಕನೆಕ್ಟರ್ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ, ತೆಗೆದು ನೋಡಿದರೆ ಸಾಟಾ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಸಾಟಾದಲ್ಲಿ 12 ವೋಲ್ಟಿನ ಪಿನ್ ಮೂರು, ಒಂದೊಂದಕ್ಕೆ 1.5 ಆಂಪ್, ಅಲ್ಲಿಗೆ ಒಟ್ಟು 54 ವ್ಯಾಟ್. 8 ಪಿನ್‌ನಿಂದ ಕಾರ್ಡು 150 ವ್ಯಾಟ್ ತನಕ ಎಳೆಯಬಹುದು. ಸುಡದೆ ಇನ್ನೇನಾದೀತು!

ಎರಡನೆಯದು 750 ರೂಪಾಯಿಯ ಲೋಕಲ್ ಎಸ್‌ಎಂಪಿಎಸ್. ಹೊರಗೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿತ್ತು, ಲೇಬಲ್‌ನಲ್ಲಿ 12 ವೋಲ್ಟ್ ಸಾಲಿಗೆ 16 ಆಂಪ್ ಇತ್ತು, ಅಂದರೆ 192 ವ್ಯಾಟ್. ಕಾರ್ಡು ಒಂದೇ 185 ವ್ಯಾಟ್ ಕೇಳುತ್ತದೆ. ಆಟ ಲೋಡ್ ಆಗುವ ಹೊತ್ತಿಗೆ ಸರಿಯಾಗಿ ಆಫ್ ಆಗುತ್ತಿತ್ತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) 450 ವ್ಯಾಟ್ ಹೊಸದನ್ನೇ ಬಿಲ್ ಸಮೇತ 2,900ಕ್ಕೆ ತಂದೆ. 12 ವೋಲ್ಟಿನಲ್ಲಿ 36 ಆಂಪ್. ಈ ಯಂತ್ರದಲ್ಲಿ ಎಸ್‌ಎಸ್‌ಡಿ ಬಿಟ್ಟರೆ ನಾನು ಹೊಸದಾಗಿ ಕೊಂಡ ದೊಡ್ಡ ಭಾಗ ಇದೊಂದೇ. ಉಳಿದೆಲ್ಲ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಇದು ಮಾತ್ರ ಆಗಬಾರದು.

ಡೆಲ್ ಬೋರ್ಡಿನಲ್ಲಿ ಎಸ್‌ಎಂಪಿಎಸ್ ಚುಚ್ಚುವ ಮಾಮೂಲಿ 24 ಪಿನ್ ಇಲ್ಲ, ಅದರದೇ 8 ಪಿನ್. 24ರಿಂದ 8ಕ್ಕೆ ಇಳಿಸುವ ಅಡಾಪ್ಟರ್ 450 ರೂಪಾಯಿ ಆಯಿತು. 9020ಗೆ ಎಂದೇ ಕೇಳಿ ತನ್ನಿ. ಎಚ್‌ಪಿ, ಲೆನೊವೊಗೆ ಬರುವವುಗಳ ಪಿನ್ ಜೋಡಣೆ ಬೇರೆ. ಸಿಪಿಯುಗೆ ಹೋಗುವ 8 ಪಿನ್ ವೈರೂ ನೋಡಲು ಹಾಗೇ ಇರುತ್ತದೆ, ಅದನ್ನು ಇಲ್ಲಿ ತುರುಕಿದರೆ ಬೋರ್ಡ್ ಹೋದಂತೆಯೇ. ಬೋರ್ಡಿಗೆ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ನೆಲದ ಪಿನ್ ಮತ್ತು 12 ವೋಲ್ಟ್ ಪಿನ್ ಖಚಿತ ಮಾಡಿಕೊಂಡೆ. ಬೋರ್ಡನ್ನು ಬೇರೆ ಚಂದದ ಕ್ಯಾಬಿನೆಟ್‌ಗೆ ವರ್ಗಾಯಿಸುವ ಆಸೆಯೂ ಇತ್ತು. ಮುಂಭಾಗದ ಯುಎಸ್‌ಬಿ ಕೇಬಲ್ ಬಿಚ್ಚಿದ ಕೂಡಲೇ ಪ್ರತಿ ಸಲ ಆನ್ ಮಾಡಿದಾಗಲೂ ಎಚ್ಚರಿಕೆ ತೋರಿಸಿ ಎಫ್1 ಒತ್ತು ಎಂದು ನಿಲ್ಲುತ್ತದೆ. ಸಿಪಿಯು ಫ್ಯಾನಿನ ಕನೆಕ್ಟರೂ ಡೆಲ್‌ನದೇ. ಆಸೆ ಬಿಟ್ಟೆ, ಹಳೇ ಡಬ್ಬದಲ್ಲೇ ಇದೆ.

ಕಾರ್ಡಿನ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಮೈನಿಂಗ್ ನಿಂತ ಮೇಲೆ 580ಗಳು ರಾಶಿ ಬಿದ್ದವು. ನಾನು ಮೊದಲು ತಂದದ್ದು 580 ಎಂದೇ ಮಾರಿದ 2048ಎಸ್‌ಪಿ. ಅದು ಒಳಗೆ ಕೆಳ ದರ್ಜೆಯ 570 ಕಾರ್ಡೇ. ಕಾರ್ಡಿನ ವಿವರ ತೋರಿಸುವ ಜಿಪಿಯು-ಜಡ್ ತಂತ್ರಾಂಶದಲ್ಲಿ ಶೇಡರ್ (ಚಿತ್ರ ಲೆಕ್ಕ ಹಾಕುವ ಘಟಕ) ಸಂಖ್ಯೆ 2304 ಇರಬೇಕು, 2048 ಬಂದರೆ ಕೈ ಮುಗಿದು ಹೊರಡಿ. ಅದನ್ನು ಮಾರುವಾಗ ಸುಮಾರು 1,200 ಕಳೆದುಕೊಂಡೆ. ಎರಡನೆಯದು 8 ಜಿಬಿ, 6,500. ಮಾರುವವರ ಮುಂದೆಯೇ ಹತ್ತು ನಿಮಿಷ ಕಾರ್ಡನ್ನು ದುಡಿಸುವ ಫರ್‌ಮಾರ್ಕ್, ಆಮೇಲೆ ಓಸಿಸಿಟಿಯಲ್ಲಿ ಕಾರ್ಡಿನ ಮೆಮೊರಿ (ವೀರಾಮ್) ಪರೀಕ್ಷೆ ಹಾಕಿದೆ. ಫರ್‌ಮಾರ್ಕ್ ಒಂದನ್ನೇ ನಂಬಬೇಡಿ, ಮೆಮೊರಿ ದೋಷ ಅದರಲ್ಲಿ ಕಾಣದೇ ಹೋಗಬಹುದು. ತೊಳೆದು ಹೊಳಪು ಮಾಡಿಟ್ಟ ಕಾರ್ಡನ್ನು ಬಿಚ್ಚದೆಯೇ ಗುರುತಿಸಲು ನನ್ನದೊಂದು ಉಪಾಯವಿದೆ. ಬರೆದರೆ ಮಾರುವವರೂ ಓದುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಈ ಕಾರ್ಡಿನಲ್ಲಿ ಮೈನಿಂಗ್‌ಗೆಂದು ತಿದ್ದಿದ ಬಯಾಸ್ (ಕಾರ್ಡನ್ನು ನಡೆಸುವ ಒಳ ತಂತ್ರಾಂಶ) ಇತ್ತು. ಕೋರ್ 1150 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದ್ದರು, ಮೆಮೊರಿ ಟೈಮಿಂಗ್ ಬಿಗಿ ಮಾಡಿದ್ದರು, ಆಟದಲ್ಲಿ ಪರದೆ ಕಪ್ಪಾಗುತ್ತಿತ್ತು. ಮೂಲ ಬಯಾಸ್ ಹುಡುಕುವಾಗ ಕಾರ್ಡಿನ ಮಾಡೆಲ್ ಒಂದೇ ಹೊಂದಿದರೆ ಸಾಲದು, ಮೆಮೊರಿ ಚಿಪ್ ಹೈನಿಕ್ಸೋ ಮೈಕ್ರಾನೋ ಸ್ಯಾಮ್ಸಂಗೋ ಎಂಬುದೂ ಹೊಂದಬೇಕು. ಇರುವ ಬಯಾಸ್‌ನ ನಕಲು ಉಳಿಸಿಕೊಂಡೇ ಹೊಸದನ್ನು ಫ್ಲಾಶ್ ಮಾಡಿ (ಕಾರ್ಡಿಗೆ ಬರೆಯಿರಿ). ನಂತರ ಹೊಸ ಪೇಸ್ಟ್, ಹೊಸ ಥರ್ಮಲ್ ಪ್ಯಾಡ್. ಆಮೇಲೆ ಅಂಡರ್‌ವೋಲ್ಟ್, ಅಂದರೆ ವೋಲ್ಟೇಜ್ ಇಳಿಸುವುದು: 1340 ಮೆಗಾಹರ್ಟ್ಸ್‌ಗೆ 1150 ಮಿಲಿವೋಲ್ಟ್ ಇದ್ದದ್ದನ್ನು 1300ಕ್ಕೆ 1050ರ ಆಸುಪಾಸಿಗೆ ಇಳಿಸಿದೆ. ಚಿಪ್ ಎಳೆಯುವ ಪವರ್ 145ರಿಂದ 110 ವ್ಯಾಟ್‌ಗೆ, ಬಿಸಿ 82ರಿಂದ 70 ಡಿಗ್ರಿಗೆ ಬಂತು. ಫ್ರೇಮ್ (ಸೆಕೆಂಡಿಗೆ ತೋರುವ ಚಿತ್ರಗಳ ಸಂಖ್ಯೆ) ಎರಡೋ ಮೂರೋ ಕಡಿಮೆಯಾಗಿರಬಹುದು, ಅಷ್ಟೇ.

ರಾಮ್ ಒಂದೇ 8 ಜಿಬಿ ಪಟ್ಟಿಯಲ್ಲಿದ್ದಾಗ ಜಿಟಿಎ 5ರಲ್ಲಿ ಕನಿಷ್ಠ ಫ್ರೇಮ್ 35ಕ್ಕೆ ಬೀಳುತ್ತಿತ್ತು. 700 ರೂಪಾಯಿಯ ಇನ್ನೊಂದು 8 ಜಿಬಿ ಸೇರಿಸಿ ಡ್ಯುಯಲ್ ಚಾನೆಲ್ (ಎರಡೂ ಪಟ್ಟಿ ಒಟ್ಟಿಗೆ ದುಡಿಯುವುದು) ಆದ ಮೇಲೆ 48ರ ಹತ್ತಿರ ನಿಂತಿತು. ಅಷ್ಟು ಸಣ್ಣ ದುಡ್ಡಿಗೆ ಇಷ್ಟು ಲಾಭ ಬೇರೆ ಯಾವ ಭಾಗದಲ್ಲೂ ಸಿಗಲಿಲ್ಲ. ಸರ್ವರ್‌ನಿಂದ ತೆಗೆದ ರಿಜಿಸ್ಟರ್ಡ್ ಡಿಡಿಆರ್3 ರಾಮ್ ತುಂಬಾ ಅಗ್ಗಕ್ಕೆ ಕೊಡುತ್ತಾರೆ, ಈ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಎಸ್‌ಎಸ್‌ಡಿ ಸಾಟಾದ್ದೇ ಹಾಕಿದೆ, 2,600. ಈ ಬೋರ್ಡಿನ ಬಯಾಸ್ ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿಯಿಂದ ಬೂಟ್ ಮಾಡುವುದಿಲ್ಲ.

ಪೇಸ್ಟ್, ಪ್ಯಾಡ್, ಒಂದು 120 ಎಂಎಂ ಫ್ಯಾನ್ ಸೇರಿ 600. ಮಾನಿಟರ್ ಬಿಟ್ಟು 21 ಸಾವಿರದ ಒಳಗೇ ಆಯಿತು. ಸುಟ್ಟದ್ದು, ವಾಪಸಾಗದ ಎಸ್‌ಎಂಪಿಎಸ್, ಮಾರಿ ಕಳೆದದ್ದು ಸೇರಿಸಿದರೆ 23 ಸಾವಿರ. ಫ್ರೇಮ್ ಲೆಕ್ಕ ಹೀಗಿದೆ: ವ್ಯಾಲರೆಂಟ್ 1080ಪಿ ಲೋ ಸೆಟ್ಟಿಂಗ್‌ನಲ್ಲಿ 170ರ ಮೇಲೆ, ಸಿಎಸ್2 ನೂರರ ಆಸುಪಾಸು, ಆಟದೊಳಗೆ ಸ್ಮೋಕ್ ಬಾಂಬ್ ಬಿದ್ದಾಗ 65, ಜಿಟಿಎ 5 ಹೈನಲ್ಲಿ 65-70, ಸೈಬರ್‌ಪಂಕ್ ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಶನ್ ಚಿತ್ರವನ್ನು ಹಿಗ್ಗಿಸುವುದು) ಹಾಕಿ 40ರ ಮೇಲೆ. ಬೇಡ ಎಂದವರಲ್ಲಿ ಇಬ್ಬರು ಇದೇ ಲೆಕ್ಕದಲ್ಲಿ ನನ್ನ ಕೈಯಲ್ಲೇ ಕಟ್ಟಿಸಿಕೊಂಡರು.

ನಡುವೆ ಇಂಟೆಲ್ ಆರ್ಕ್ ಎ380 ಗ್ರಾಫಿಕ್ಸ್ ಕಾರ್ಡೊಂದನ್ನು ಎರವಲು ತಂದು ಹಾಕಿ ನೋಡಿದೆ. ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಪೂರ್ತಿಯಾಗಿ ಮುಟ್ಟುವ ಸೌಲಭ್ಯ) ಇಲ್ಲದ ಬೋರ್ಡಿನಲ್ಲಿ ಅದು ಮುಗ್ಗರಿಸುತ್ತದೆ, ಹಾಕಬೇಡಿ. ಲಿನಕ್ಸ್‌ನಲ್ಲಿ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಮೂಲಕ ಸ್ಟೀಮ್ ಆಟಗಳು ಚೆನ್ನಾಗಿಯೇ ಓಡಿದವು, ವ್ಯಾಲರೆಂಟ್ ಮಾತ್ರ ಅಲ್ಲಿ ಇಲ್ಲ. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 (ಭದ್ರತಾ ಚಿಪ್) ಕೇಳುತ್ತದೆ, ಅದೂ ಈ ಯಂತ್ರದಲ್ಲಿ ಇಲ್ಲ. ಹಾಗಾಗಿ ಆ ಒಂದು ಆಟಕ್ಕಾಗಿ ವಿಂಡೋಸ್ 10 ಇಟ್ಟುಕೊಂಡಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದಿರುವುದರಿಂದ ಬ್ಯಾಂಕ್ ಕೆಲಸವೆಲ್ಲ ಲಿನಕ್ಸ್ ಕಡೆ.

ಗೋಡೆಯಲ್ಲಿ ಅಳೆದಾಗ ಆಟದ ಹೊತ್ತಿನಲ್ಲಿ 230-250 ವ್ಯಾಟ್. ದಿನವೂ ಮೂರು ಗಂಟೆ ಆಡಿದರೆ ತಿಂಗಳಿಗೆ 22 ಯೂನಿಟ್ ಸುಮಾರು. ಗೃಹಜ್ಯೋತಿಯ 200 ಯೂನಿಟ್ ಗಡಿಯ ಅಂಚಿನಲ್ಲಿರುವ ಮನೆಯವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಕರೆಂಟ್ ಹೋದಾಗ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ತಡೆಯುತ್ತದೆ. ಅದರ ಬ್ಯಾಟರಿ ಹಳೆಯದಾಗಿದ್ದರೆ ಕಾರ್ಡು ಜೋರಾಗಿ ಎಳೆದ ಕ್ಷಣದಲ್ಲೇ ಕೈ ಕೊಡುತ್ತದೆ, ಎಸ್‌ಎಂಪಿಎಸ್ ಮೇಲೆ ಅನುಮಾನ ಪಡುವ ಮುನ್ನ ಅದನ್ನು ಬದಲಿಸಿ ನೋಡಿ.