ಇನ್ನೂರು ಚೀಲದ ಚಲನ್

ಬೆಂಗಳೂರಿನ ಕಟ್ಟಡದ ಸೈಟ್‌ಗಳಲ್ಲಿ ನಾನು ಸ್ಟೋರ್ ಕೀಪರ್. ಹದಿನಾರು ವರ್ಷದಿಂದ ಇದೇ ಕೆಲಸ. ಸಿಮೆಂಟು, ಕಂಬಿ, ಜಲ್ಲಿ ಬಂದಾಗ ಎಣಿಸಿ ಚಲನ್ ಮೇಲೆ ಸಹಿ ಹಾಕುವುದು ನನ್ನ ಹೊಣೆ. ಮಂಗಳೂರು ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತ ಕುಟುಂಬ ನಮ್ಮದು. ವಿಶ್ವಾಸಕ್ಕೆ ಪರೀಕ್ಷೆ ಅಂದರೆ ಯಾರೋ ಎದುರು ನಿಂತು "ಯೇಸುವನ್ನು ಬಿಡು" ಅನ್ನುತ್ತಾರೆ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ನನಗೆ ಬಂದದ್ದು ಒಂದು ಚಲನ್.

ಅದರಲ್ಲಿ ಬರೆದಿದ್ದು 200 ಚೀಲ ಸಿಮೆಂಟ್. ಲಾರಿಯಿಂದ ಇಳಿದದ್ದು 160. "ಸುಮ್ನೆ ಸಹಿ ಹಾಕಿ, ಮೇಲಿನವರಿಗೆಲ್ಲ ಗೊತ್ತಿದೆ" ಅಂದರು ಸೈಟ್ ಮ್ಯಾನೇಜರ್. ಮಗಳ ಫೀಸ್ ಕಟ್ಟುವ ತಿಂಗಳು. ಸಹಿ ಹಾಕಿದೆ.

ಆ ಭಾನುವಾರ ಚರ್ಚಿನಲ್ಲಿ ಕರ್ತನ ರಾತ್ರಿಭೋಜನ ಇತ್ತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ಬೆಂಚಿನಿಂದ ಎದ್ದು ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಹೆಂಡತಿ ತಿರುಗಿ ನೋಡಿದಳು, ಏನೂ ಕೇಳಲಿಲ್ಲ. ಆರಾಧನೆ ಮುಗಿದ ಮೇಲೆ ನಮ್ಮ ಸಭಾಪಾಲಕರ ಹತ್ತಿರ ಕೂತು ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಪ್ರಾರ್ಥನೆ ಮಾಡಿ, "ಬೈಬಲಿನಲ್ಲಿ ದಾನಿಯೇಲನ ಮೊದಲ ಅಧ್ಯಾಯ ಮನೆಗೆ ಹೋಗಿ ನಿಧಾನವಾಗಿ ಓದು" ಅಂದರು.

ದಾನಿಯೇಲನನ್ನು ಸಿಂಹದ ಗವಿಗೆ ಹಾಕಿದ ಕಥೆ ನಮ್ಮಲ್ಲಿ ಎಲ್ಲರಿಗೂ ನೆನಪಿರುತ್ತದೆ. ಅದು ಆರನೇ ಅಧ್ಯಾಯ. ಮೊದಲನೆಯದರಲ್ಲಿ ಇರುವುದು ಊಟದ ವಿಷಯ. ಸೆರೆಯಾಗಿ ಬಾಬೆಲಿಗೆ ಬಂದ ಯೆಹೂದ್ಯ ಹುಡುಗ ದಾನಿಯೇಲ, ಅಲ್ಲಿನ ಅರಮನೆಯ ಊಟ, ದ್ರಾಕ್ಷಾರಸದಿಂದ ತಾನು ಅಶುದ್ಧನಾಗಬಾರದು ಅಂತ ಮನಸ್ಸಿನಲ್ಲಿ ಮೊದಲೇ ನಿಶ್ಚಯ ಮಾಡಿಕೊಳ್ಳುತ್ತಾನೆ. ಆದರೆ ಕೂಗಾಡುವುದಿಲ್ಲ. ದೊಡ್ಡ ಅಧಿಕಾರಿ ರಾಜನಿಗೆ ಹೆದರಿ, ಹುಡುಗರು ಸೊರಗಿದರೆ ತನ್ನ ತಲೆ ಹೋದೀತು ಅನ್ನುತ್ತಾನೆ. ಆಗ ದಾನಿಯೇಲ ತನ್ನನ್ನೂ ಗೆಳೆಯರನ್ನೂ ನೋಡಿಕೊಳ್ಳುವವನ ಹತ್ತಿರ ಹೋಗಿ, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ತೋರಿದಂತೆ ಮಾಡಿ ಅಂತ ಬೇಡಿಕೊಳ್ಳುತ್ತಾನೆ. ಎದುರಿನವನ ಕಷ್ಟವನ್ನೂ ಲೆಕ್ಕಕ್ಕೆ ಹಿಡಿದಿದ್ದ. ಸಹಿ ಹಾಕುವ ಹೊತ್ತಿಗೆ ಧೈರ್ಯ ಹುಡುಕಿದರೆ ಸಿಗುವುದಿಲ್ಲ, ಲಾರಿ ಬರುವ ಮೊದಲೇ ನಿಶ್ಚಯ ಆಗಿರಬೇಕು ಅಂತ ನನಗೆ ಅರ್ಥವಾದದ್ದು ಅಲ್ಲೇ.

ಸೋಮವಾರ ಮ್ಯಾನೇಜರ್ ಒಬ್ಬರೇ ಇದ್ದಾಗ ಹೋದೆ. "ಸಾರ್, ಹೋದ ವಾರ ನಾನು ಹಾಕಿದ ಸಹಿ ತಪ್ಪು. ರಿಜಿಸ್ಟರ್‌ನಲ್ಲಿ 160 ಅಂತ ತಿದ್ದುತ್ತೇನೆ. ಇನ್ನು ಇಳಿದಷ್ಟಕ್ಕೇ ಸಹಿ. ಹತ್ತು ದಿನ ನನ್ನ ರೀತಿ ನಡೆಸಲು ಬಿಡಿ, ಕೆಲಸ ನಿಂತರೆ ಕೇಳಿ" ಅಂದೆ. ಕೈ ನಡುಗುತ್ತಿತ್ತು. ಅವರು ತಲೆ ಎತ್ತದೆ "ನೋಡೋಣ" ಅಂದರು.

ನನ್ನ ರೀತಿ ತುಂಬಾ ಸರಳ. ಚೀಲ ಇಳಿಸುವಾಗ ಲಾರಿ ಹಿಂದೆಯೇ ನಿಲ್ಲುತ್ತೇನೆ. ಒಂದು ಅಟ್ಟಿಗೆ ಹತ್ತೇ ಚೀಲ. ಅದಕ್ಕಿಂತ ಎತ್ತರ ಪೇರಿಸಿದರೆ ಕೆಳಗಿನ ಚೀಲ ಭಾರಕ್ಕೆ ಗಟ್ಟಿಯಾಗುತ್ತದೆ, ಹೇಗೂ ಮಾಡಬಾರದು. ಅಟ್ಟಿಗೊಂದು ಗೀಟು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ. ಹದಿನಾರು ಗೀಟು ಅಂದರೆ 160, ಯಾರು ಬೇಕಾದರೂ ಎಣಿಸಿಕೊಳ್ಳಬಹುದು. ಚೀಲಕ್ಕೆ 50 ಕೆಜಿ. 200 ಇದ್ದರೆ ಹತ್ತು ಟನ್, 160 ಆದರೆ ಎಂಟೇ. ಲಾರಿ ತೂಗುವ ವೇಬ್ರಿಡ್ಜ್‌ನ ಚೀಟಿಯನ್ನು ಚಲನ್‌ಗೆ ಪಿನ್ ಮಾಡುತ್ತೇನೆ. ಕಡಿಮೆ ಬಂದರೆ ಬಂದಷ್ಟನ್ನು ಚಲನ್ ಮೇಲೇ ಬರೆದು, ಡ್ರೈವರ್ ಸಹಿ ತೆಗೆದುಕೊಂಡು, ಆಮೇಲೆ ನನ್ನದು. ಮೋಸದ ತ್ರಾಸು ದೇವರಿಗೆ ಅಸಹ್ಯ ಅನ್ನುವ, ಬೈಬಲಿನ ಜ್ಞಾನೋಕ್ತಿಗಳ ಮಾತನ್ನು ರಿಜಿಸ್ಟರ್ ರಟ್ಟಿನ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ, ನನಗೋಸ್ಕರ.

ಹತ್ತು ದಿನದಲ್ಲಿ ಅದ್ಭುತವೇನೂ ಆಗಲಿಲ್ಲ. ಚೀಲ ಸರಿಯಾಗಿ ಬರತೊಡಗಿತು, ಅಷ್ಟೇ. ಆದರೆ ಆ ವರ್ಷ ಎಲ್ಲರಿಗೂ ಸಂಬಳ ಜಾಸ್ತಿಯಾಯಿತು, ನನಗೆ ಆಗಲಿಲ್ಲ. ಆಮೇಲೆ ದೂರದ ಸೈಟ್‌ಗೆ ಹಾಕಿದರು. ಹೋಗಿಬರಲು ಬಸ್ಸಿನಲ್ಲೇ ನಾಲ್ಕು ಗಂಟೆ. ಆ ಬಸ್ಸಿನಲ್ಲಿ ಅಜ್ಜಿಯ ಮಾತು ನೆನಪಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಎಷ್ಟೋ ಜನ ಮನೆ, ಜಮೀನು, ಕುಲಕಸುಬು ಎಲ್ಲಾ ಕಳೆದುಕೊಂಡರು. ಅಂಥವರ ಹೊಟ್ಟೆಪಾಡಿಗೂ ದಾರಿಯಾಗಲಿ ಅಂತ ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಮುತ್ತಜ್ಜ ಅಲ್ಲಿ ಮಣ್ಣು ಹದ ಮಾಡುತ್ತಿದ್ದರಂತೆ. "ಹೊಲ ಹೋಯಿತು, ಹಾಡು ಬಿಡಲಿಲ್ಲ" ಅನ್ನುತ್ತಿದ್ದರು ಅಜ್ಜಿ. ಅವರು ಬಿಟ್ಟದ್ದರ ಮುಂದೆ ನನ್ನ ಬಸ್ಸು ಯಾವ ಲೆಕ್ಕ?

ಭಾನುವಾರದ ವಿಷಯಕ್ಕೂ ಹೀಗೇ ಮೊದಲೇ ಮಾತಾಡಿಕೊಂಡೆ. ಸ್ಲ್ಯಾಬ್ ಕಾಂಕ್ರೀಟ್ ಇದ್ದರೆ ಬೆಳಿಗ್ಗೆ ಐದಕ್ಕೇ ಬಂದು ಸಿಮೆಂಟ್ ಕೊಟ್ಟು, ಆರಾಧನೆಗೆ ಹೋಗಿ, ಹನ್ನೊಂದಕ್ಕೆ ವಾಪಸ್. ಬದಲಿಗೆ ಯುಗಾದಿ, ದೀಪಾವಳಿಗೆ ನಾನು ಸ್ಟೋರ್ ಕಾಯುತ್ತೇನೆ, ಉಳಿದವರು ಊರಿಗೆ ಹೋಗಲಿ ಅಂತ.

ಇದೆಲ್ಲಕ್ಕಿಂತ ಕಷ್ಟ ಆದದ್ದು ಹೊಸ ಸೈಟ್‌ನ ಆಯುಧ ಪೂಜೆ. ಅಲ್ಲಿ ಯಾರೂ ನನ್ನನ್ನು ಹೆದರಿಸಲಿಲ್ಲ, ಪ್ರೀತಿಯಿಂದ ಕರೆದರು. ಅದಕ್ಕೇ ಕಷ್ಟ. ಹಿಂದಿನ ದಿನವೇ ನಾನೂ ಜೊತೆಗೆ ನಿಂತು ಮಿಕ್ಸರ್ ತೊಳೆದು, ಕಂಬಿ ಕತ್ತರಿಸುವ ಯಂತ್ರಕ್ಕೆ ಗ್ರೀಸ್ ಹಚ್ಚಿದ್ದೆ. ಪೂಜೆ ಹೊತ್ತಿಗೆ ಹಿರಿಯ ಮೇಸ್ತ್ರಿ ಊದುಬತ್ತಿ ಚಾಚಿದರು. "ಸ್ಟೋರ್ ನಿಮ್ಮದಲ್ವಾ ಸಾರ್, ನೀವೇ ಹಚ್ಚಿ." ಎಲ್ಲರೂ ನೋಡುತ್ತಿದ್ದರು. "ಮೇಸ್ತ್ರಿಗಳೇ, ನಾನು ಯೇಸುವನ್ನು ನಂಬಿದವನು, ಪೂಜೆ ಮಾಡುವುದಿಲ್ಲ. ಆದರೆ ನೀವು ಯಾರೂ ಬೀಳದೆ, ಗಾಯ ಆಗದೆ ಇರಲಿ ಅಂತ ದಿನಾ ಬೆಳಿಗ್ಗೆ ನಿಮ್ಮೆಲ್ಲರಿಗೋಸ್ಕರ ಪ್ರಾರ್ಥನೆ ಮಾಡುತ್ತೇನೆ" ಅಂದೆ. ಅದು ನಿಜವಾಗಿತ್ತು, ಇಲ್ಲದಿದ್ದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಕಡ್ಲೆಪುರಿ ಕೊಟ್ಟಾಗಲೂ ಕೈಮುಗಿದು ಬೇಡ ಅಂದೆ. ಪ್ರಸಾದ ತಿನ್ನುವವರು ನಮ್ಮ ಸಭೆಯಲ್ಲೇ ಇದ್ದಾರೆ, ಅವರನ್ನು ನಾನು ತೂಗಲು ಹೋಗುವುದಿಲ್ಲ. ನನ್ನ ಮನಸ್ಸು ಒಪ್ಪುವುದಿಲ್ಲ, ಅಷ್ಟೇ. ಮೇಸ್ತ್ರಿ ಮುಖ ಸಣ್ಣದಾಯಿತು. ಎರಡು ವಾರ ನನ್ನ ಜೊತೆ ಟೀ ಕುಡಿಯಲಿಲ್ಲ. ಆ ಎರಡು ವಾರ ಸಂಬಳ ಏರದೆ ನಿಂತದ್ದಕ್ಕಿಂತ ಜಾಸ್ತಿ ನೋಯಿಸಿತು.

ಮುಂದಿನ ವರ್ಷ ಆಯುಧ ಪೂಜೆ ದಿನ ಬೆಳಿಗ್ಗೆ, ಇನ್ನೂ ಹೂವು ಕಟ್ಟುತ್ತಿದ್ದಾಗಲೇ, ಮೇಸ್ತ್ರಿ ಸ್ಟೋರ್ ಬಾಗಿಲಿಗೆ ಬಂದರು. ಪೇಪರ್ ಪೊಟ್ಟಣ ಒಂದನ್ನು ಮೇಜಿನ ಮೇಲೆ ಇಟ್ಟು ಹೇಳಿದರು: "ಪೂಜೆಗೆ ಇಡೋಕೆ ಮುಂಚೇನೇ ತೆಗೆದಿಟ್ಟಿದ್ದು ಸಾರ್. ತಿನ್ನಿ."