ಒಂದು ಸಿನಿಮಾಕ್ಕೆ ನಾಲ್ಕು ಮುಖ ಬೇಡ

ಕಾಸರಗೋಡಿನ ಕಡೆ ಹುಡುಗರು ಸೇರಿ ಕಿರುಚಿತ್ರ ಮಾಡುವುದು ಹೊಸದೇನಲ್ಲ. ಚಿತ್ರ ಚೆನ್ನಾಗಿಯೇ ಇರುತ್ತದೆ, ಎಡವುವುದು ಪ್ರಚಾರದಲ್ಲಿ. ಮಂಜೇಶ್ವರದ ಗೋಡೆಯ ಪೋಸ್ಟರಿನಲ್ಲಿ ಹೆಸರು ಕೆಂಪು, ದಪ್ಪ. ಯೂಟ್ಯೂಬಿನಲ್ಲಿ ಅದೇ ಹೆಸರು ಹಳದಿ, ಓರೆ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇನ್ನೊಂದು ಥರ. ಮೂರೂ ಒಂದೇ ಚಿತ್ರದ್ದು ಅಂತ ನೋಡಿದವರಿಗೆ ಗೊತ್ತಾಗಬೇಕಲ್ವಾ?

ಮೊದಲು ಬಣ್ಣ. ಚಿತ್ರದ್ದೇ ಒಂದು ದೃಶ್ಯದಿಂದ ಎರಡು ಆರಿಸಿ, ಕಂಪ್ಯೂಟರಿನಲ್ಲಿ ಆ ಬಣ್ಣಗಳಿಗಿರುವ ಕೋಡ್ ಬರೆದಿಡಿ. ಮುಖ್ಯ ಫೋಟೊ ಒಂದೇ ಇರಲಿ. ಪಾತ್ರಧಾರಿಗಳನ್ನೆಲ್ಲ ತುರುಕಬೇಡಿ, ಯಾರು ಮುನಿಸಿಕೊಂಡರೂ ಸರಿ.

ಹೊತ್ತು ಕೊಡಬೇಕಾದದ್ದು ಟೈಟಲ್ ಅಕ್ಷರಕ್ಕೆ. ನಮ್ಮಲ್ಲಿ ಕನ್ನಡದ ಜೊತೆ ಮಲಯಾಳದಲ್ಲೂ ಹೆಸರು ಬೇಕಾಗುತ್ತದೆ. ಕನ್ನಡದ್ದನ್ನು ಚೆಂದಕ್ಕೆ ಬರೆಸಿ, ಮಲಯಾಳದ್ದನ್ನು ಕೊನೆ ಗಳಿಗೆಯಲ್ಲಿ ಕೈಗೆ ಸಿಕ್ಕಿದ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುವವರೇ ಜಾಸ್ತಿ. ಎರಡನ್ನೂ ಒಬ್ಬರ ಕೈಯಲ್ಲೇ, ಒಟ್ಟಿಗೇ ಮಾಡಿಸಿ. ಮಲಯಾಳ ಅಕ್ಷರ ಅಗಲಕ್ಕೆ ಹರಡುತ್ತದೆ. ಕನ್ನಡಕ್ಕೆ ಒತ್ತಕ್ಷರ ಇಳಿಯಲು ಕೆಳಗೆ ಜಾಗ ಬೇಕು. ಹಾಗಾಗಿ ಸ್ಕೇಲ್ ಹಿಡಿದು ಎತ್ತರ ಸಮ ಮಾಡಿದರೆ ಒಂದು ದೊಡ್ಡದು, ಒಂದು ಸಣ್ಣದು ಕಾಣುತ್ತದೆ. ಕಣ್ಣಿಗೆ ಸಮ ಅನ್ನಿಸುವಲ್ಲಿ ನಿಲ್ಲಿಸಿ. ಆಮೇಲೆ ಗೆರೆಯ ದಪ್ಪ ಹೋಲುತ್ತದಾ ಅಂತ ಮತ್ತೆ ನೋಡಿ. ಅಡ್ಡಕ್ಕೆ ಮಾತ್ರ ಎಳೆದು ಜಾಗ ತುಂಬಿಸುವುದು ಬೇಡವೇ ಬೇಡ, ಅಕ್ಷರ ಚಪ್ಪಟೆಯಾಗುತ್ತದೆ. ಬರೆಯುವವರು ಸಿಗದಿದ್ದರೆ ಅನೇಕ್ ಕನ್ನಡ, ಅನೇಕ್ ಮಲಯಾಳಂ ಎಂಬ ಜೋಡಿ ಫಾಂಟ್ ಉಚಿತವಾಗಿ ಸಿಗುತ್ತದೆ. ಬಲೂ ತಮ್ಮ, ಬಲೂ ಚೇಟ್ಟನ್ ಎಂಬ ಜೋಡಿ ಕೂಡ ಹಾಗೆಯೇ, ಆದರೆ ಅವು ದುಂಡು ದುಂಡು. ತಮಾಷೆ ಚಿತ್ರಕ್ಕೆ ಸರಿ, ಕೊಲೆಯ ಕಥೆಗೆ ಒಗ್ಗುವುದಿಲ್ಲ.

ಫೋಟೊಶಾಪಿನಲ್ಲಿ ಒತ್ತಕ್ಷರ ಬಿಡಿಬಿಡಿಯಾದರೆ ಅದರ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸಿ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಏನೇನೋ ಚಿಹ್ನೆಯಾಗುತ್ತದೆ. ಹಾಗಾಗಿ ಟೈಟಲ್ ಒಪ್ಪಿಗೆಯಾದ ಕೂಡಲೇ ಔಟ್‌ಲೈನ್ ಮಾಡಿಸಿ, ಅಂದರೆ ಅಕ್ಷರವನ್ನು ಫಾಂಟ್ ಬೇಕಿಲ್ಲದ ಆಕೃತಿಯಾಗಿಸಿ. ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಎರಡು ಇರಲಿ, ಒಂದರಲ್ಲಿ ಅಕ್ಷರ ಬಿಳಿ, ಇನ್ನೊಂದರಲ್ಲಿ ಕಡು ಬಣ್ಣದ್ದು. ಆಮೇಲೆ ಹೆಸರನ್ನು ಯಾರೂ ಮತ್ತೆ ಟೈಪ್ ಮಾಡಕೂಡದು. ಮೊಬೈಲ್ ಆಪ್‌ಗಳ ರೆಡಿಮೇಡ್ ಟೆಂಪ್ಲೇಟಿನ ಸಹವಾಸವೂ ಬೇಡ. ಅದೇ ಟೆಂಪ್ಲೇಟಿನಲ್ಲಿ ಯಾರದ್ದೋ ಗೃಹಪ್ರವೇಶದ ಆಮಂತ್ರಣವೂ ಬಂದಿರುತ್ತದೆ.

ಇನ್ನು ಬ್ಯಾನರ್. ಕೇರಳದಲ್ಲಿ 2019ರಲ್ಲೇ ಪಿವಿಸಿ ಫ್ಲೆಕ್ಸ್ ನಿಷೇಧವಾಗಿದೆ, ಹಾಗಾಗಿ ಬಟ್ಟೆಯಲ್ಲಿ ಅಚ್ಚು ಹಾಕಿಸಿ. ಬಟ್ಟೆಯಲ್ಲಿ ತೆಳು ಗೆರೆ ಮಸುಕಾಗುತ್ತದೆ. ಮೊಬೈಲಿನಲ್ಲಿ ಮಿಂಚುವ ನೀಲಿ, ಹಸಿರು ಅಚ್ಚಿನ ನಾಲ್ಕು ಶಾಯಿಯ ಸಿಎಂವೈಕೆಗೆ ಬಂದ ಕೂಡಲೇ ಮಂಕಾಗುತ್ತವೆ. ಒಂದು ತುಂಡು ಸ್ಯಾಂಪಲ್ ತೆಗೆಸಿ, ಬಿಸಿಲಿನಲ್ಲಿ ಹಿಡಿದು ನೋಡಿ, ಆಮೇಲೆ ಆರ್ಡರ್ ಕೊಡಿ.

ಸ್ಟೇಟಸ್ಸಿಗೆ 1080×1920, ಯೂಟ್ಯೂಬಿನಲ್ಲಿ ವಿಡಿಯೊದ ಮುಖಚಿತ್ರವಾಗುವ ಥಂಬ್‌ನೇಲಿಗೆ 1280×720 ಪಿಕ್ಸೆಲ್. ಥಂಬ್‌ನೇಲಿನ ಬಲ ಕೆಳಮೂಲೆ ಖಾಲಿ ಬಿಡಿ, ಅಲ್ಲಿ ವಿಡಿಯೊದ ಅವಧಿ ಕೂರುತ್ತದೆ. ಅಚ್ಚಿನ ಪ್ರೆಸ್ಸಿಗೆ ಫೈಲ್ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಬೇಡಿ, ಕುಗ್ಗಿಸಿಬಿಡುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಹಾಕಿ.