ಜಪಾನಿನ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟ ಸಸ್ಯಾಹಾರಿಗಳಿಗೆ

ಜಪಾನಿನ ಶಾಲೆಗಳಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಹೊರಟಿರುವ ಸಸ್ಯಾಹಾರಿಗಳು ಅಲ್ಲಿನ ಮಧ್ಯಾಹ್ನದ ಊಟವಾದ ‘ಕ್ಯೂಶೊಕು’ ಬಗ್ಗೆ ಮೊದಲ ದಿನವೇ ಮಾತನಾಡಿಕೊಳ್ಳುವುದು ಒಳ್ಳೆಯದು. ಬರೀ ತರಕಾರಿ, ತೋಫು ಕಾಣುವ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರಿಗೂ ಸಾಮಾನ್ಯವಾಗಿ ಒಣಮೀನು ಕುದಿಸಿ ತೆಗೆದ ರಸವಾದ ‘ದಾಶಿ’ಯೇ ಮೂಲವಾಗಿರುವುದರಿಂದ, ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು, ಮೀನಿನ ರಸವೂ ಆಗದೆಂದು ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿಯನ್ನು ಉಪಮುಖ್ಯೋಪಾಧ್ಯಾಯರಿಗೆ ಕೊಡಿ.

ಬುತ್ತಿ ಒಯ್ಯುವುದಾದರೆ ಶಿಕ್ಷಕರ ಕೋಣೆಯಲ್ಲಿ ಒಬ್ಬರೇ ಉಣ್ಣದೆ, ಅನುಮತಿ ಕೇಳಿ ತರಗತಿಯಲ್ಲೇ ಮಕ್ಕಳೊಂದಿಗೆ ಕುಳಿತುಕೊಳ್ಳಿ. ಬಿಳಿ ಟೋಪಿ, ಬಿಳಿ ಅಂಗಿ, ಮಾಸ್ಕ್ ತೊಟ್ಟ ಮಕ್ಕಳು ಸರದಿಯ ಪ್ರಕಾರ ತಾವೇ ಬಡಿಸುತ್ತಾರೆ. ಎಲ್ಲರೂ ಕೈಮುಗಿದು, ಊಟಕ್ಕೆ ಮುನ್ನ ಕೃತಜ್ಞತೆಯಿಂದ ಹೇಳುವ ‘ಇತಾದಾಕಿಮಾಸು’ ಎನ್ನುವವರೆಗೆ ಯಾರೂ ತುತ್ತೆತ್ತುವುದಿಲ್ಲ. ನನ್ನ ಚಿತ್ರಾನ್ನದ ಡಬ್ಬಿಯತ್ತ ಬಗ್ಗಿ ನೋಡುತ್ತಾ ಆ ಮಕ್ಕಳು ಆಡಿದಷ್ಟು ಇಂಗ್ಲಿಷನ್ನು ಪಾಠದ ವೇಳೆಯಲ್ಲಿ ನಾನು ಕೇಳಿದ್ದಿಲ್ಲ.